ನುಂಗದೆ ಕಲಿತ ರುಚಿ

ಎಣ್ಣೆಯ ರುಚಿ ನೋಡುವಾಗ ಬಾಯಮ್ಮನ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಂಗೈಗೆ ಒಂದಿಷ್ಟು ಸುರಿದುಕೊಂಡು, ಸುರ್ರೆಂದು ಹೀರಿ, ಒಮ್ಮೆ ಕೆಮ್ಮಿ, ‘ಅಡ್ಡಿಲ್ಲ’ ಎನ್ನುವರು. ಒಳ್ಳೆಯ ಆಲಿವ್ ಎಣ್ಣೆ ಗಂಟಲು ಕೆರೆಯಬೇಕಂತೆ; ಕೆಮ್ಮು ತರಿಸದ್ದನ್ನು ನೆರೆಮನೆಯ ಮಕ್ಕಳ ಮೈಗೆ ತಿಕ್ಕಲು ಕೊಟ್ಟುಬಿಡುತ್ತಿದ್ದರು.

ನಮ್ಮ ಕಡೆ ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ರುಚಿ ಬಲ್ಲ ಬಾಯಿಯಿಂದಲೇ ಇವರಿಗೆ ಆ ಹೆಸರು ಬಂದಿರಬೇಕೆಂದು ನಾನು ಬಹಳ ಕಾಲ ನಂಬಿದ್ದೆ. ಮೂಡುಬಿದಿರೆಯಲ್ಲಿ ನಮ್ಮ ಬೇಲಿಯಾಚೆಗೇ ಅವರ ಮನೆ. ಮುಂಬಯಿಯಲ್ಲಿ ಇಟಲಿಯ ಕುಟುಂಬವೊಂದಕ್ಕೆ ವರ್ಷಗಟ್ಟಲೆ ಅಡುಗೆ ಮಾಡಿ ಊರಿಗೆ ಮರಳಿದ್ದರು. ಕ್ರಿಸ್ಮಸ್‌ಗೆ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತಿದ್ದರು. ನಮ್ಮಲ್ಲಿಗೆ ಕೇಕು ಮಾತ್ರ ಬರುತ್ತಿತ್ತು. ಕುಡಿದು ಕುಡಿದೇ ಅಪ್ಪ ಹೋದ ಮನೆ ನಮ್ಮದು. ಒಂದು ತೊಟ್ಟನ್ನೂ ಗಂಟಲಿಂದ ಕೆಳಗೆ ಇಳಿಸುವುದಿಲ್ಲವೆಂದು ಅಮ್ಮ ದೇವರೆದುರು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಹೋಟೆಲ್ ಕೆಲಸ ಕಲಿತ ನನಗೆ ದುಬೈಯ ಹೋಟೆಲೊಂದರಿಂದ ಕರೆ ಬಂತು. ಬೇಸಿಗೆಯ ಊಟಕ್ಕೆ ಒಪ್ಪುವ ವೈನ್, ಎಣ್ಣೆಗಳನ್ನು ಆರಿಸಿಕೊಡುವ ಕೆಲಸ. ಮೊದಲು ಮಂಗಳೂರಿನಲ್ಲಿ ಪರೀಕ್ಷೆ. ಕೆಲಸ ಬಿಡಲೋ ಮಾತು ಮುರಿಯಲೋ ತಿಳಿಯದೆ ಮುಖ ಸಣ್ಣದು ಮಾಡಿಕೊಂಡಿದ್ದೆ. ಸುದ್ದಿ ತಿಳಿದ ಬಾಯಮ್ಮ ಅಮ್ಮನ ಹತ್ತಿರ ಬಂದು ಕೂತು, ಹುಡುಗ ಕೊಟ್ಟ ಮಾತು ಸರಿಯಾಗಿ ಏನೆಂದು ವಿಚಾರಿಸಿದರು. ಗಂಟಲಿಂದ ಕೆಳಗೆ ಇಳಿಸುವುದಿಲ್ಲವೆಂದು, ಎಂದರು ಅಮ್ಮ.

‘ರುಚಿ ಉಂಟಲ್ಲ, ಅದು ಬಾಯಲ್ಲೇ ಮುಗೀತದೆ. ಮತ್ತೆ ಉಗುಳುವುದೇ. ಆ ಕೆಲಸದವರೆಲ್ಲ ಹಾಗೇ ಮಾಡುವುದು.’ ಬಾಯಮ್ಮ ಹೇಳಿದರು.

ಅಮ್ಮ ಯೋಚಿಸಿದರು. ‘ಬಾಯಿ ಮುಕ್ಕಳಿಸಿದ ಹಾಗೆ ಅಲ್ವಾ? ಹಾಗಾದ್ರೆ ಅಡ್ಡಿಲ್ಲ.’

ಹೋದ ಜೀವ ಬಂದಂತಾಯಿತು ನನಗೆ.

ಆ ಬೇಸಿಗೆಯಿಡೀ ಪಾಠ. ಗೇರುಹಣ್ಣು ಕಚ್ಚಿಸಿ, ಕೆಂಪು ವೈನಿನ ಚೊಗರು ಹೀಗೆಯೇ ನಾಲಿಗೆ ಹಿಡಿಯುವುದೆಂದರು. ಬಿಂಬುಳಿಕಾಯಿ ಕಚ್ಚಿಸಿ, ಮೀನಿಗೆ ಬೇಕಾದ ಬಿಳಿ ವೈನಿನ ಹುಳಿ ತೋರಿಸಿದರು. ಕೆಮ್ಮು ತರಿಸುವ ಎಣ್ಣೆ ಟೊಮೇಟೊಗೆ ಸರಿ, ಮೀನಿನ ಮೇಲೆ ಸುರಿದರೆ ಮೀನು ಇರುವುದೇ ಗೊತ್ತಾಗದು. ನಾನು ಬಾಟಲಿಯ ಚೀಟಿ ಓದಲು ಹೊರಟರೆ ಕೈಯಿಂದ ಕಸಿದುಕೊಳ್ಳುವರು. ‘ಈ ಸೆಕೆಗೆ ಎಂಥ ಬೇಕು ಅಂತ ಬಾಯಿಯ ಹತ್ರ ಕೇಳು ಮಾರಾಯ. ಬಾಟಲಿ ಮತ್ತೆ ನೋಡುವ.’

ಪರೀಕ್ಷೆಯಲ್ಲಿ ಮಾವಿನಕಾಯಿ ಹಾಕಿದ ಮೀನಿನ ತಟ್ಟೆ ಬಂತು. ಹುಳಿ ಮುಂದಿದ್ದ ಬಿಳಿ ವೈನನ್ನೂ ಮೆತ್ತಗಿನ ಎಣ್ಣೆಯನ್ನೂ ಆರಿಸಿದೆ. ಅಲ್ಲಿ ಎಲ್ಲರಿಗಿಂತ ಚೊಕ್ಕವಾಗಿ ಉಗುಳಿದವನೂ ನಾನೇ. ಕೆಲಸ ಸಿಕ್ಕಿತು. ಬಾಯಮ್ಮ ಇಲ್ಲದಿದ್ದರೆ ಆ ಕೆಲಸವನ್ನೋ ಅಮ್ಮನ ನಂಬಿಕೆಯನ್ನೋ ಕಳೆದುಕೊಳ್ಳುತ್ತಿದ್ದೆ.

ಈ ಬೇಸಿಗೆಯಲ್ಲಿ ಬಾಯಮ್ಮ ಮಲಗಿದಲ್ಲೇ ತೀರಿಕೊಂಡರು, ನರಳದೆ. ತಿಂಗಳು ತುಂಬಿದಾಗ ಇಗರ್ಜಿಯಲ್ಲಿ ಮಾಡಿಸಿದ ಪೂಜೆಯ ಊಟಕ್ಕೆ, ರಜೆಯಲ್ಲಿ ಊರಿಗೆ ಬಂದಿದ್ದ ನಾನೂ ಅಮ್ಮನೂ ಹೋಗಿದ್ದೆವು. ಅವರ ತಂಗಿ, ಬಾಯಮ್ಮ ಹಾಕಿಟ್ಟಿದ್ದ ಕೊನೆಯ ಭರಣಿಯ ವೈನನ್ನು ಪುಟ್ಟ ಲೋಟಗಳಿಗೆ ಸುರಿದು ಎಲ್ಲರಿಗೂ ಕೊಟ್ಟರು. ಅಭ್ಯಾಸಬಲದಿಂದ ಮೂಸಿ, ಬಾಯಿಗೆ ತುಂಬಿಕೊಂಡೆ. ದ್ರಾಕ್ಷಿ, ಲವಂಗ, ಕೊನೆಗೆ ಸ್ವಲ್ಪ ಚೊಗರು. ಕೈತೊಳೆಯುವ ಕಡೆ ಹೊರಡಲು ಎದ್ದಾಗ ಅಮ್ಮ ಮಣಿಕಟ್ಟು ಹಿಡಿದರು.

‘ಇದನ್ನು ಉಗುಳ್ಬೇಡ ಮಗ. ನುಂಗು.’

ನುಂಗಿದೆ. ಅಮ್ಮನ ಲೋಟ ಆಗಲೇ ಖಾಲಿಯಾಗಿತ್ತು.