ಎಮ್ಮೆಯ ಪಾಲಿನ ಮುದ್ದೆ

ಹಸಿವಿನ ಮುಂದೆ ಮನುಷ್ಯರೆಲ್ಲ ಸಮಾನರು. ಈ ಮಾತಿಗೆ ನಾನೂ ನನ್ನ ಅಕ್ಕನೂ ಹೊರತು ಎಂದು ಮೈಸೂರಿನ ಡಾಕ್ಟರೊಬ್ಬರು ತಡವಾಗಿ ತಿಳಿಸಿದರು.

ಇಬ್ಬರದೂ ಭಾರಿ ಶರೀರ, ಇಬ್ಬರಿಗೂ ಸಕ್ಕರೆ ಕಾಯಿಲೆ. ಹೊಟ್ಟೆಯನ್ನು ಬಾಳೆಕಾಯಿಯಷ್ಟಕ್ಕೆ ಇಳಿಸುವ ಆಪರೇಷನ್ನನ್ನು ಒಂದೇ ವಾರದಲ್ಲಿ ಮಾಡಿಸಿಕೊಂಡೆವು. ಅಕ್ಕ ಇಳಿಯುತ್ತ ಹೋದಳು. ಸಡಿಲವಾದ ರವಿಕೆಗಳಿಗೆ ಹೊಲಿಗೆ ಹಿಡಿಸಿ ಹಿಡಿಸಿ ಸಾಕಾಗಿ ಹೊಸದನ್ನೇ ಹೊಲಿಸಿಕೊಂಡಳು. ನಾನು ಮರ್ಯಾದೆಗೆ ಸ್ವಲ್ಪ ಇಳಿದು ಅಲ್ಲೇ ಠಿಕಾಣಿ ಹೂಡಿದೆ.

ಕೊಳ್ಳೇಗಾಲದಲ್ಲಿ ನಾನು ಒಬ್ಬನೇ. ಅಕ್ಕ ಭಾನುವಾರ ಅಜ್ಜೀಪುರದಿಂದ ಡಬ್ಬಿಯಲ್ಲಿ ಮುದ್ದೆ, ಬಸ್ಸಾರು ತಂದು ನನ್ನೊಡನೆ ಉಣ್ಣುತ್ತಿದ್ದಳು. ಉಳಿದ ದಿನ ನನ್ನದೇ ಅಡುಗೆ. ನನಗೆ ಬೇಕಾದ ಮುದ್ದೆ ನಿಂಬೆಹಣ್ಣಿನಷ್ಟು. ಆದರೆ ಕೋಲು ಆಡುವಷ್ಟಾದರೂ ಹಿಟ್ಟು ಇಲ್ಲದಿದ್ದರೆ ಮುದ್ದೆ ಗಂಟಾಗುತ್ತದೆ. ಹಾಗಾಗಿ ಹಳೆಯ ತಪ್ಪಲೆಯಲ್ಲೇ ತಿರುವಿ, ಮಿಕ್ಕಿದ್ದನ್ನು ಪಕ್ಕದ ಮನೆಯ ಎಮ್ಮೆಗೆ ಕೊಡುತ್ತಿದ್ದೆ. ನನ್ನ ಆಪರೇಷನ್ನಿನಿಂದ ಎಮ್ಮೆ ಚೆನ್ನಾಗಿ ಸುಧಾರಿಸಿತು.

ಒಂದು ಬುಧವಾರ ಅಕ್ಕ ಹೇಳದೆ ಬಂದಳು. ಹಿತ್ತಲಲ್ಲಿ ನೆನೆಹಾಕಿದ್ದ ತಪ್ಪಲೆ ನೋಡಿದಳು.

“ಇಷ್ಟ್ ದೊಡ್ ತಪ್ಪಲೇಲಿ ಇಟ್ಟು ತಿರುವ್ಕಂಡ್ ಉಂಡ್ಬುಟ್ಟು, ತೂಕ ಇಳೀನಿಲ್ಲ ಅಂತೀಯಲ್ಲ. ಒಟ್ಟೆ ಕುಯ್ಸ್ಕಂಡಿದ್ದು ಯಾಕ್ಲಾ?”

ಎಮ್ಮೆಯ ವಿಷಯ ಹೇಳಿದೆ. ಎಮ್ಮೆಯನ್ನು ಸಾಕ್ಷಿಗೆ ಕರೆಯುವವನನ್ನು ಯಾವ ನ್ಯಾಯಸ್ಥಾನವೂ ನಂಬುವುದಿಲ್ಲ, ಅಕ್ಕನೂ ನಂಬಲಿಲ್ಲ. ಭಾನುವಾರ ಬರುವುದನ್ನು ನಿಲ್ಲಿಸಿದಳು. ನಾನು ಎರಡು ತಟ್ಟೆ ಇಟ್ಟು, ಒಂದನ್ನು ತೆಗೆದು ಒಳಗಿಡುತ್ತಿದ್ದೆ. ಯಳಂದೂರಿನ ಮದುವೆಯೊಂದರಲ್ಲಿ ಅವಳು ಬೇರೆ ಪಂಕ್ತಿಯಲ್ಲಿ ಕೂತಳು. ನನ್ನ ಎಲೆಯಲ್ಲಿ ಎಲ್ಲವೂ ಹಾಗೇ ಉಳಿದದ್ದು ನೋಡಿ, ಮನೆಯಲ್ಲೇ ಮುಗಿಸಿ ಬಂದಿದ್ದಾನೆಂದು ನೆಂಟರು ನಕ್ಕರು. ಅಕ್ಕ ತಲೆ ತಗ್ಗಿಸಿದಳು.

ಈ ನಡುವೆ ಡಾಕ್ಟರು ಇಬ್ಬರ ರಕ್ತವನ್ನೂ ಜೀನ್ ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ಹೇಳಲು ಇಬ್ಬರನ್ನೂ ಒಟ್ಟಿಗೆ ಕೂರಿಸಿದರು. ಹಸಿವನ್ನೂ ಮೈ ಖರ್ಚು ಮಾಡುವ ಶಕ್ತಿಯನ್ನೂ ನೋಡಿಕೊಳ್ಳುವ ಒಂದು ಜೀನ್ ನನ್ನಲ್ಲಿ ಬೇರೆ ಥರ ಇದೆಯಂತೆ, ಅಕ್ಕನಲ್ಲಿ ಸರಿಯಾಗಿದೆಯಂತೆ. ಒಡಹುಟ್ಟಿದವರಿಗೂ ಒಂದೇ ಬರಬೇಕೆಂದಿಲ್ಲ. ಅದೊಂದೇ ಕಾರಣವೆನ್ನಲಾಗದು, ಆದರೆ ಇಂಥವರು ಕಮ್ಮಿ ಉಂಡರೂ ಅಷ್ಟಾಗಿ ಇಳಿಯದಿರಬಹುದು ಎಂದರು.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಕೂತಳು. ಅವಳೀಗ ಅರ್ಧ ಸೀಟು, ನಾನು ಒಂದೂವರೆ, ಬಸ್ಸಿನವರಿಗೆ ನಷ್ಟವಿಲ್ಲ. ಟಿ. ನರಸೀಪುರ ದಾಟಿದ ಮೇಲೆ ಬಾಯಿಬಿಟ್ಟಳು.

“ಅಪ್ಪಂದು ನಿಂಗ್ ಬಂದದೆ ಕಣ್ಲಾ. ಅವ್ನೂ ಕಮ್ಮೀನೇ ಉಣ್ತಿದ್ದ. ಅವ್ವ ಸಾಯೋಗಂಟ ನಂಬ್ನಿಲ್ಲ.”

ಆ ಭಾನುವಾರ ಡಬ್ಬಿ ಹಿಡಿದು ಬಂದಳು. ನನ್ನ ತೂಕ ಇಳಿಯಲಿಲ್ಲ.