ಹೊಳೆಯ ದೋಣಿಗೆ ಸಮುದ್ರದ ರೇಡಾರ್

ಎಂಬತ್ತರ ದಶಕದಲ್ಲಿ ನಾನು ರಾಯಚೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದೆ. ಮಾನ್ವಿಯಿಂದ ದೇವದುರ್ಗದವರೆಗೆ ಎಷ್ಟೋ ಮಾಳಿಗೆ ಹತ್ತಿ ಟಿ.ವಿ. ಆಂಟೆನಾ ತಿರುಗಿಸಿ ಚಿತ್ರ ಬರಿಸಿದವನು. ಆ ಹಮ್ಮಿನಲ್ಲೇ ಇದ್ದೆ. ಒಬ್ಬ ಎಂಜಿನಿಯರ್ ಸಾಹೇಬರು ಬಂದು, "ರೇಡಾರ್ ಕೆಲಸ ಬರ್ತದೇನು?" ಎಂದಾಗ "ಬರ್ತದ್ರಿ" ಎಂದುಬಿಟ್ಟೆ. ಅಲ್ಲಿಯವರೆಗೆ ರೇಡಾರಿನ ಹೆಸರನ್ನು ಯುದ್ಧದ ಸುದ್ದಿಯಲ್ಲಷ್ಟೇ ಕೇಳಿದ್ದೆ.

ಅವರ ಇಲಾಖೆಗೆ ಯಾವುದೋ ಬಂದರಿನಿಂದ ಒಂದು ಮೋಟಾರು ದೋಣಿ ಬಂದಿತ್ತು, ಸಮುದ್ರದ ರೇಡಾರ್ ಸಮೇತ. ಅದನ್ನು ಗೂಗಲ್ ಎಂಬ ಊರಿನ ಹತ್ತಿರ ಕೃಷ್ಣೆಯ ದಂಡೆಗೆ ತಂದು ನಿಲ್ಲಿಸಿದ್ದರು. ಈ ದಂಡೆಯಿಂದ ಜೋರಾಗಿ ಕರೆದರೆ ಆ ದಂಡೆಯವರು ಓಗೊಡುವಂಥ ಹೊಳೆ. ಅದಕ್ಕೆ ಮೈಲಿಗಟ್ಟಲೆ ದೂರದ ಹಡಗು ತೋರಿಸುವ ಯಂತ್ರ.

ಜೊತೆಗೆ ಬಂದಿದ್ದ ದಿಕ್ಸೂಚಿ ಪೆಟ್ಟಿಗೆಯನ್ನು ರೇಡಾರಿಗೆ ಜೋಡಿಸುವುದು ನನ್ನ ಕೆಲಸ. ದೋಣಿಯ ಮೂತಿ ಎತ್ತ ಇದೆ ಎಂದು ಪೆಟ್ಟಿಗೆ ಹೇಳಿದರೆ, ರೇಡಾರು ಅದರ ಪ್ರಕಾರ ದಂಡೆ, ದಿಬ್ಬಗಳನ್ನು ಪರದೆಯ ಮೇಲೆ ನಕಾಶೆಯಂತೆ ತೋರಿಸುತ್ತದೆ. ಇಂಗ್ಲಿಷ್ ಪುಸ್ತಕದ ಚಿತ್ರ ನೋಡಿ, ಬಣ್ಣಕ್ಕೆ ಬಣ್ಣ ಹೊಂದಿಸಿ ವೈರು ಬೆಸೆದೆ. ಪರದೆ ಹಸಿರಾಗಿ ಬೆಳಗಿತು. ಮೇಲಧಿಕಾರಿಗಳಿಗೆ ಸ್ವಾಗತ ಕೋರಲು ಒಂದು ದೊಡ್ಡ ಸ್ಪೀಕರ್ ಬೇಕೆಂದರು ಸಾಹೇಬರು. ಅದನ್ನೂ ಪೆಟ್ಟಿಗೆಯ ಪಕ್ಕದಲ್ಲೇ ಕೂರಿಸಿ, 'ಯಂತ್ರ ಸರಿಯಾಗಿದೆ' ಎಂಬ ಕಾಗದಕ್ಕೆ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಮೂವರು ಮೇಲಧಿಕಾರಿಗಳು ಬಂದರು. ಚಳಿಗಾಲ, ಹೊಳೆಯ ಮೇಲೆ ದಟ್ಟ ಮಂಜು. ದೋಣಿ ನಡೆಸಲು ಊರಿನ ಅಂಬಿಗನನ್ನೇ ಇಟ್ಟುಕೊಂಡಿದ್ದರು. ಐವತ್ತು ದಾಟಿದ ಮನುಷ್ಯ, ಮಿತಭಾಷಿ. ಸಾಹೇಬರು ಪರದೆಯ ಮುಂದೆ ಕೂತು ಹುಕುಂ ಕೊಡುತ್ತಿದ್ದರು.

"ಎಡಕ್ಕ ತಿರುಗಿಸು."

"ಸಾಹೇಬ್ರ, ಎಡಕ್ಕ ಉಸುಕಿನ ದಿಬ್ಬ ಅದ ರೀ."

"ಇಲ್ಲಿ ಬರೇ ನೀರು ತೋರಸಾಕತ್ತದ. ಇದೇನು ಸುಳ್ಳ ಹೇಳತದೇನು?"

ಅಂಬಿಗ ನನ್ನ ಮುಖ ನೋಡಿದ. ನಾನು ಹೊಳೆ ನೋಡಿದೆ. ಅವನು ತಿರುಗಿಸಿದ. ದೋಣಿ ಕರ್ರೆಂದು ಉಸುಕು ಹತ್ತಿ ವಾಲಿ ನಿಂತಿತು. ಸ್ಪೀಕರಿನಲ್ಲಿ ಟೇಪಿನ ಸ್ವಾಗತ ಭಾಷಣ ನಡೆದೇ ಇತ್ತು.

ಅಂಬಿಗ ದಂಡೆಗೆ ಈಜಿ ಹೋಗಿ ತನ್ನ ಹರಿಗೋಲು ತಂದ. ಸಾಹೇಬರೂ ಮೂವರು ಮೇಲಧಿಕಾರಿಗಳೂ ಆ ಬುಟ್ಟಿದೋಣಿಯಲ್ಲಿ ಕುಕ್ಕರಗಾಲಲ್ಲಿ ಕೂತರು. ಅದು ಗಿರ್ರನೆ ಸುತ್ತುತ್ತ ಹೊರಟಿತು.

"ಯಾವ ಕಡಿ ಹೊಂಟೀವೋ?" ಮಂಜಿನೊಳಗಿಂದ ಯಾರೋ ಕೂಗಿದರು.

"ದಂಡಿ ಕಡೀಗ್ರಿ ಯಪ್ಪಾ, ಸುಮ್ನ ಕುಂದರ್ರಿ," ಎಂದ ಅಂಬಿಗ.

ದೋಣಿಯಲ್ಲಿ ನಾನೊಬ್ಬನೇ ಉಳಿದೆ. ಒಂದೊಂದೇ ವೈರು ನೋಡಿದೆ, ತಪ್ಪಿರಲಿಲ್ಲ. ಸ್ವಾಗತ ಕೇಳಿ ಕೇಳಿ ತಲೆ ಕೆಟ್ಟು ಸ್ಪೀಕರನ್ನೇ ಬಿಚ್ಚಿ ಆಚೆ ಒಯ್ದೆ. ಪರದೆಯ ಮೇಲಿನ ಚಿತ್ರ ಮೆಲ್ಲಗೆ ತಿರುಗಿತು. ದಿಬ್ಬ ತಾನಿದ್ದ ಜಾಗಕ್ಕೆ ಬಂದು ಕೂತಿತು. ಸ್ಪೀಕರಿನ ಅಯಸ್ಕಾಂತ ದಿಕ್ಸೂಚಿಯನ್ನು ಎಳೆದಿಟ್ಟುಕೊಂಡಿತ್ತು. ರೇಡಿಯೋ ರಿಪೇರಿಯವನಿಗೆ ಎಲ್ಲರಿಗಿಂತ ಮೊದಲು ಹೊಳೆಯಬೇಕಿದ್ದ ಸಂಗತಿ.

ಮಧ್ಯಾಹ್ನ ದೋಣಿ ಉಸುಕಿನಿಂದ ಬಿಡಿಸಿದ ಮೇಲೆ ಸಾಹೇಬರಿಗೆ ತಪ್ಪೊಪ್ಪಿಕೊಂಡೆ. ಅವರಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ.

"ನಿನ್ನೆ ಸರಿ ಅದ ಅಂತ ಬರದು ಕೊಟ್ಟೀವಿ. ಇವತ್ತ ಸರಿ ಆತು ಅಂದ್ರ, ನಿನ್ನೆ ಏನಾಗಿತ್ತು ಅಂತ ಕೇಳ್ತಾರ. ಉಸುಕು ತನ್ನ ಜಾಗದಾಗ ಇರಲಿಲ್ಲ ಅಂತ ವರದಿ ಹೋಗೇದ. ಸ್ಪೀಕರ್ ಇದ್ದಲ್ಲೇ ಕುಂದರ್ಸು!"

ಹೂಂ ಎಂದೆ. ಆದರೆ ಸ್ಪೀಕರನ್ನು ದೋಣಿಯ ಹಿಂತುದಿಗೆ ಒಯ್ದು ಕಟ್ಟಿದೆ. ಸಂಜೆ ಸಾಹೇಬರು ಪರದೆ ನೋಡಿ, "ನೋಡು, ನಿನ್ನೆ ಹೆಂಗಿತ್ತೋ ಹಂಗ ಅದ," ಎಂದು ಸಮಾಧಾನಪಟ್ಟರು.

ಅಂಬಿಗನಿಗೂ ನಿಜ ಹೇಳಿದೆ. ಅವನು ಬಯ್ಯಲಿಲ್ಲ. "ಉಸುಕು ಅದ ಅಂತ ನನಗ ಗೊತ್ತಿತ್ತಲ್ರಿ, ನಾನರ ಯಾಕ ತಿರುಗಿಸಿದೆ?" ಎಂದ.

ಮುಂದಿನ ಮಳೆಗಾಲದಲ್ಲಿ ಅವನು ಅದೇ ದೋಣಿಯಲ್ಲಿ, ತುಂಬಿದ ಹೊಳೆಯ ಮೇಲೆ, ಬಾಣಂತಿಯೊಬ್ಬಳನ್ನು ದವಾಖಾನೆಗೆಂದು ದಾಟಿಸಿದ. ರೇಡಾರು ಹಚ್ಚಿರಲಿಲ್ಲ, ಅದು ನೆನೆಯದಿರಲೆಂದು ಮೇಲೆ ಗೋಣಿಚೀಲ ಹೊದಿಸಿದ್ದ. ಹುಕುಂ ಇಲ್ಲದೆ ದೋಣಿ ಒಯ್ದದ್ದಕ್ಕೆ ಇಲಾಖೆ ಅವನಿಗೆ ನೋಟಿಸು ಕೊಟ್ಟಿತು. ಅದಕ್ಕೆ ಉತ್ತರ ಬರೆಸಲು ಅವನು ಬಸ್ಸು ಹತ್ತಿ ರಾಯಚೂರಿಗೆ, ನನ್ನ ಅಂಗಡಿಗೆ ಬಂದ.

"ಏನಂತ ಬರೀಲಿ?" ಎಂದೆ.

"ಆಕಿ ಬದುಕ್ಯಾಳ ಅಂತ ಬರೀರಿ," ಎಂದ.