ಗಣಿಬಾವಿಯ ಪಾಲಿನ ಮೊಟ್ಟೆ

ಆಗೆಲ್ಲ ಆಂಡರ್ಸನ್‌ಪೇಟೆಯ ನಮ್ಮ ಓಣಿಯಲ್ಲಿ ನೆಲ ನಡುಗಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಕೆಳಗೆ ಚಿನ್ನದ ಗಣಿಯಲ್ಲಿ ಬಂಡೆ ಸಿಡಿಸುತ್ತಿದ್ದಾರೆ, ಅಷ್ಟೇ. ತಟ್ಟೆಗಳು ಗಲಗಲ ಅನ್ನುತ್ತಿದ್ದವು, ನಾವು ಮುದ್ದೆ ಮುರಿಯುತ್ತಿದ್ದೆವು. ನನಗೆ ನೆಲದ ಭಯ ಹತ್ತಿದ್ದು ತಮ್ಮ ಮುನಿರಾಜು ಬಿದ್ದ ವರ್ಷ.

ಕೆಲಸ ನಿಂತುಹೋಗಿದ್ದ ಹಳೆಯ ಗಣಿಬಾವಿಯ ಸುತ್ತ ಕಬ್ಬಿಣದ ಬೇಲಿಯಿತ್ತು. ಆರು ವರ್ಷದ ಅವನು ಅದನ್ನು ಹತ್ತಿ ಜಾರಿದ. ಎರಡು ಕಾಲಿನ ನಡುವೆ ಕಂಬಿ ಬಡಿಯಿತು. ಉಚ್ಚೆ ಕಟ್ಟಿತು. ಆಸ್ಪತ್ರೆಯಲ್ಲಿ ಕಿಬ್ಬೊಟ್ಟೆ ಕೊಯ್ದು ರಬ್ಬರ್ ನಳಿಗೆ ಇಟ್ಟರು. ತಿಂಗಳಾದ ಮೇಲೆ ಅದನ್ನು ತೆಗೆದು ಮನೆಗೆ ಕಳಿಸಿದರೂ ಗಾಯ ಕೂಡಲಿಲ್ಲ, ಅಲ್ಲಿಂದಲೇ ಉಚ್ಚೆ ಒಸರುತ್ತಿತ್ತು.

ಬಾವಿಯೊಳಗಿನದು ಮಗುವನ್ನು ಹಿಡಿದಿದೆ ಎಂದಳು ಅಜ್ಜಿ. ಮೊಟ್ಟೆ, ಬೇಳೆ ಕೊಟ್ಟರೆ ಕೀವು ಕಟ್ಟುತ್ತದೆಂದು ಅವನಿಗೆ ಬರೀ ಗಂಜಿಯ ಪಥ್ಯ. ನಮ್ಮ ಒಂದೇ ಕೋಳಿಯ ಮೊಟ್ಟೆ ಬಾವಿಗೆ. ಹೊತ್ತು ಮುಳುಗುವಾಗ ಎಲೆಯಲ್ಲಿ ಮುದ್ದೆ, ಬೇಯಿಸಿದ ಮೊಟ್ಟೆ ಇಟ್ಟು ಬರುವುದು ನನ್ನ ಕೆಲಸ.

"ತಿರುಗಿ ನೋಡ್ಬೇಡ ಕಣೇ," ಅನ್ನುತ್ತಿದ್ದಳು.

ಬೇಸಿಗೆಯಲ್ಲೂ ಬಾವಿಯ ಬಾಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಬೆಳಿಗ್ಗೆ ಎಲೆ ಖಾಲಿ. ನಾಯಿ ತಿಂದಿರಬೇಕು ಅನ್ನಬಹುದು. ಆದರೆ ಎಲೆ ಒಂದಿಷ್ಟೂ ಸರಿದಿರುತ್ತಿರಲಿಲ್ಲ.

ಗಾಯಕ್ಕೆ ಬಟ್ಟೆ ಕಟ್ಟಲು ಬರುತ್ತಿದ್ದ ನರ್ಸಮ್ಮ ಒಂದು ದಿನ ಅವನ ಎಲುಬು ಮುಟ್ಟಿ ಅಮ್ಮನನ್ನು ಬೈದರು. "ಮೇಲೆ ಕಟ್ಟೋಕೆ ನಾನಿದೀನಿ. ಒಳಗಿಂದ ಮಾಂಸ ತುಂಬೋಕೆ ಊಟ ಬೇಕಲ್ಲಮ್ಮಾ? ಗಂಜಿ ನೀರಲ್ಲಿ ಎಲ್ಲಿಂದ ಬತ್ತದೆ? ಇಂಗೇ ಬಿಟ್ರೆ ಮಗು ಉಳಿಯಲ್ಲ." ಅಮ್ಮ ಅಜ್ಜಿಯ ಮುಖ ನೋಡಿದಳು.

ಅಂದು ಸಂಜೆ ಮೊಟ್ಟೆಯನ್ನು ಲಂಗದಲ್ಲಿ ಬಚ್ಚಿಟ್ಟುಕೊಂಡು ಬಾವಿಗೆ ಬರೀ ಮುದ್ದೆ ಇಟ್ಟೆ. ಇಟ್ಟ ಗಳಿಗೆಯಲ್ಲೇ ನೆಲ ನಡುಗಿತು. ಅದಕ್ಕೆ ಗೊತ್ತಾಯಿತು ಅಂದುಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಮುನಿರಾಜು ಆ ಮೊಟ್ಟೆಯನ್ನು ಅಗಿಯದೆಯೇ ನುಂಗಿದ.

ಹೀಗೇ ನಾಲ್ಕು ದಿನ. ಐದನೆಯ ದಿನ ಅಜ್ಜಿ ಅವನ ಬಾಯಿ ಮೂಸಿ ನೋಡಿದಳು. ಅಂದು ಸಂಜೆ ಎಲೆಯಲ್ಲಿ ಎರಡು ಮೊಟ್ಟೆ. ಇನ್ನೊಂದನ್ನು ಯಾರಲ್ಲಿ ಕೇಳಿ ತಂದಿದ್ದಳೋ.

"ಒಂದು ಅದುಕ್ಕೆ. ಇನ್ನೊಂದ್ ನೀನೇನ್ ಮಾಡ್ತೀಯೋ, ನಾನ್ ಕೇಳಾಕಿಲ್ಲ," ಎಂದಳು. "ಅದುಕ್ಕೆ ಮಾತ್ರ ತಪ್ಪಿಸ್ಬೇಡ ಕಣೇ. ತಪ್ಪಿದ್ರೆ ಯಾರನ್ನಾದ್ರೂ ಕೇಳ್ತದೆ."

ನಾನು ಎರಡನ್ನೂ ತಮ್ಮನಿಗೇ ತಿನ್ನಿಸಿದೆ, ದಿನಾ. ಗಾಯ ಒಣಗಿತು. ಒಂದು ಬೆಳಿಗ್ಗೆ ಅವನು ಗೋಡೆಗೆ ನಿಂತು ತಾನೇ ಉಚ್ಚೆ ಹೊಯ್ದ. ಅಮ್ಮ ಅಳುತ್ತಾ ನಿಂತು ನೋಡಿದಳು. ಅದೇ ವಾರ ಅಜ್ಜಿ, ಜ್ವರವಿಲ್ಲ ನೋವಿಲ್ಲ, ಮಲಗಿದವಳು ಏಳಲಿಲ್ಲ.

ಈಗ ಆ ಬಾವಿಗೆ ಮಣ್ಣು ತುಂಬಿದ್ದಾರೆ. ನೆಲ ನಡುಗುವುದಿಲ್ಲ, ನಮ್ಮ ಓಣಿಯವರು ಯಾರೂ ಅಲ್ಲಿಲ್ಲ. ತಮ್ಮನಿಗೆ ಮೊಮ್ಮಕ್ಕಳಾಗಿದ್ದಾರೆ. ಅವನನ್ನು ಉಳಿಸಿದ್ದು ಮೊಟ್ಟೆ ಎಂದು ನನಗೆ ಚೆನ್ನಾಗಿ ಗೊತ್ತು. ಅಜ್ಜಿಗೆ ವಯಸ್ಸಾಗಿತ್ತು ಎಂದೂ ಗೊತ್ತು. ಆದರೂ ಒಲೆಯ ಮೇಲೆ ಮೊಟ್ಟೆ ಬೇಯುವಾಗ ಬೆನ್ನಿಗೆ ತಣ್ಣನೆಯ ಗಾಳಿ ತಾಗುತ್ತದೆ. ನಾನು ತಿರುಗಿ ನೋಡುವುದಿಲ್ಲ.